ಬುಟ್ಟಿ ನೋಡಿದವಳು

ನಮ್ಮ ಊರಿನವರಿಗೆ ಸಂತೆಕಟ್ಟೆಯ ಹುಣಸೆ ಮರದ ಒಂದೊಂದು ಕೊಂಬೆಯೂ ಬಾಯಿಪಾಠ. ಯಾವ ಕವಲಿನಲ್ಲಿ ಕಾಗೆ ಗೂಡು ಕಟ್ಟಿದೆ, ಯಾವ ಕೊಂಬೆ ಈ ಸಲ ಕಾಯಿ ಬಿಟ್ಟಿಲ್ಲ, ಅಳಿಲು ಎಲ್ಲಿ ಮರಿ ಹಾಕಿದೆ ಎಂದು ಕೇಳಿದರೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಮರದ ಮೇಲೆ ನಮಗೇನೂ ಅಂಥ ಪ್ರೀತಿಯಿಲ್ಲ. ಆ ಮರಕ್ಕೆ ದೀಪ ತೂಗುಹಾಕಿದೆ. ದೀಪದ ಕೆಳಗೆ ಇನ್ನೊಬ್ಬರ ಬುಟ್ಟಿ ಇರುವಾಗ ಉಳಿದವರು ಕತ್ತೆತ್ತಿ ಮರ ನೋಡುತ್ತ ನಿಲ್ಲಬೇಕು. ನಮ್ಮಲ್ಲಿ ಅದೇ ಮರ್ಯಾದೆ. ನನ್ನನ್ನು ಕೇಳಿದರೆ ಆ ಮರದ ವಿಷಯ ನನಗೆ ಏನೇನೂ ಗೊತ್ತಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ದನದ ಮಾಂಸವನ್ನು ಆ ದೀಪದ ಬೆಳಕಿಗೆ ಹಿಡಿದರೆ ಅದು ಯಾವುದರದು ಎಂದು ತಿಳಿಯುತ್ತದೆ. ಹೋರಿಯದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕೋಣದ್ದು ನೀಲಿ, ಆಕಳದ್ದು ಅರಿಶಿನ. ಹೊಲ ಉತ್ತು, ಗಾಡಿ ಎಳೆದು, ಇನ್ನು ಆಗದು ಎಂದು ಮಲಗಿದ ಮುದಿ ಎತ್ತಿನದು ಬೂದಿ. ಕರುವಿನದು ಹಾಲಿನ ಕೆನೆಯ ಹಾಗೆ ಬೆಳ್ಳಗೆ. ಮಾತುಕತೆಗೆ ಬಂದ ಬೀಗರಿಗೆ ಹೋರಿ ಬಡಿಸಬೇಕು, ಬಾಣಂತಿಗೆ ಆಕಳು, ಸಾವಿನ ಮನೆಯಲ್ಲಿ ಕೋಣ. ಎತ್ತು ಯಾರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕೈಲಾಗದವರಿಗೆ. ಕರು ಯಾರಿಗೂ ಇಲ್ಲ. ಕರು ಕಡಿದವನು ಮುಂದಿನ ಸಂತೆಯ ದಿನ ತನ್ನ ಮಚ್ಚನ್ನು ತಂದು ಕಟ್ಟೆಯ ಮೇಲಿಟ್ಟು ಹೋಗಬೇಕು, ಮತ್ತೆ ಈ ಊರಿನಲ್ಲಿ ಅವನು ಖಂಡ ಕಡಿಯುವ ಹಾಗಿಲ್ಲ.

ಬೆಳಕಿಗೆ ಹಿಡಿಯದ ಖಂಡವನ್ನು ನಮ್ಮಲ್ಲಿ ಯಾರೂ ಒಲೆಗೆ ಏರಿಸುವುದಿಲ್ಲ. ಬುಟ್ಟಿಯ ಬಟ್ಟೆ ಸರಿಸಿದಾಗ ಒಳಗೆ ನೋಡುವ ಹಕ್ಕಿರುವುದು ಮೂವರಿಗೆ: ಕಡಿದವನಿಗೆ, ಕೊಂಡವರಿಗೆ ಮತ್ತು ದೀಪದವ್ವನಿಗೆ. ದೀಪದವ್ವ ಬಣ್ಣ ನೋಡಿ, ಕೊಂಡವರ ಕಿವಿಯಲ್ಲಿ ಹೋರಿ, ಕೋಣ, ಎತ್ತು ಎಂದು ಹೇಳುತ್ತಾಳೆ. ಕಣ್ಣಿಗೆ ಕಂಡರೂ ಕಿವಿಗೆ ಬೀಳಬೇಕು ಎನ್ನುವುದು ನಮ್ಮ ಹಿರಿಯರ ಮಾತು. ಕರುವಾದರೆ ಮಾತ್ರ ಅವಳು ಕಿವಿಯಲ್ಲಿ ಹೇಳುವುದಿಲ್ಲ, ಪಕ್ಕದಲ್ಲಿ ತೂಗುಹಾಕಿದ ಜಾಗಟೆ ಬಡಿಯುತ್ತಾಳೆ. ನಾನು ಬಲ್ಲಂತೆ ಊರಿನಲ್ಲಿ ಆ ಜಾಗಟೆ ಬಡಿದವರಿರಲಿಲ್ಲ. ಅದರೊಳಗೆ ಜೇಡ ಬಲೆ ಕಟ್ಟಿತ್ತು.

ದೀಪದವ್ವ ಎಂದರೆ ನನ್ನ ಹಡೆದವ್ವ, ಲಾಲವ್ವ. ನಾನು ಅವಳ ತೊಡೆಯ ಮೇಲೆ ಕುಳಿತು ಬೆಳೆದವಳು. ಕೂಸಿಗೆ ಮರ ನೋಡು ಎಂದರೆ ಅದು ನೋಡುತ್ತದೆಯೇ? ಬಣ್ಣ ಬಣ್ಣದ ಬುಟ್ಟಿ ಎದುರಿಗಿರುವಾಗ ನನ್ನ ಕಣ್ಣು ಅಲ್ಲೇ ನಟ್ಟಿತ್ತು. ಮದುವೆಯಾಗಿ ಖಂಡ ಕಡಿಯುವವನ ಮನೆ ಸೇರಿದ ಮೇಲೂ ಆ ಚಟ ಹೋಗಲಿಲ್ಲ. ಗಂಡನ ಅಂಗಡಿ ಕಟ್ಟೆಯ ಎದುರಿಗೇ ಇದೆ. ನಾನು ಗಿರಾಕಿಗಳಿಗೆ ಮುತ್ತುಗದ ಎಲೆಯಲ್ಲಿ ಖಂಡ ಕಟ್ಟಿಕೊಡುತ್ತಲೇ ಓರೆಗಣ್ಣಿನಲ್ಲಿ ಎಲ್ಲರ ಬುಟ್ಟಿಯನ್ನೂ ನೋಡುತ್ತಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ನೋಡುವವರು ಎಂದು ಗಾದೆ ಇದೆಯಲ್ಲ, ಅದು ನನ್ನಂಥವರನ್ನು ನೋಡಿಯೇ ಕಟ್ಟಿದ್ದು. ಊರಿನವರೂ ಕದ್ದು ನೋಡುತ್ತಾರೆ ಎಂದು ನನಗೆ ಆಗಲೂ ಅನುಮಾನವಿತ್ತು, ಈಗಲೂ ಇದೆ. ಆದರೆ ನೋಡಿದೆ ಎಂದು ಯಾರೂ ಒಪ್ಪುವುದಿಲ್ಲ. ಒಪ್ಪಿದರೆ ಊಟಕ್ಕೆ ಕರೆಯುವವರಿರುವುದಿಲ್ಲ.

ಆ ಸಂತೆಯ ದಿನ ಬೆಳಿಗ್ಗೆ ಖಾಜಮ್ಮ ನನ್ನ ಬಳಿಗೆ ಬಂದಳು. ಅವಳು ಕಟ್ಟೆಯ ಹಿರಿಯ ಮೌಲಪ್ಪನವರ ಸೊಸೆ. ಮೌಲಪ್ಪನವರದು ಒಂದು ಕಾಲಕ್ಕೆ ಗಾಡಿಗಳ ಮನೆ. ಮಗನ ಮೇಲೆ ಗಾಡಿ ಮಗುಚಿ ಅವನ ಸೊಂಟ ಮುರಿದ ಮೇಲೆ ಗಾಡಿಗಳು ಒಂದೊಂದಾಗಿ ಬೇರೆಯವರ ಅಂಗಳ ಸೇರಿದ್ದವು. ಅದು ಮೌಲಪ್ಪನವರಿಗೆ ಗೊತ್ತಿತ್ತು, ಆದರೆ ಅಡುಗೆಮನೆಯವರೆಗೆ ಅದರ ಬಿಸಿ ತಟ್ಟಿದ್ದು ಗೊತ್ತಿರಲಿಲ್ಲ. ತಮ್ಮ ಮನೆಯಲ್ಲಿ ಹೋರಿ ಬಿಟ್ಟು ಬೇರೆ ಖಂಡ ಬೇಯುವುದಿಲ್ಲ ಎಂದು ಅವರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು. ಅವರ ಮರ್ಯಾದೆ ಎಂಥದೆಂದರೆ ಸ್ವಂತ ಮನೆಯ ಬುಟ್ಟಿ ದೀಪದ ಕೆಳಗಿದ್ದರೂ ಕತ್ತೆತ್ತಿ ಮರವನ್ನೇ ನೋಡುವರು. ಖಾಜಮ್ಮ ನಮ್ಮ ಅಂಗಡಿಯಿಂದ ಮುದಿ ಎತ್ತಿನ ಖಂಡ ಒಯ್ಯುತ್ತಿದ್ದಳು, ಬೆಳಕಿಗೆ ಹಿಡಿದಾದ ಮೇಲೆ ನಮ್ಮ ಹಿತ್ತಲಿಗೆ ತರುತ್ತಿದ್ದಳು. ನಾನು ಪಪ್ಪಾಯಿ ಕಾಯಿ ತುರಿದು ಹಚ್ಚಿ ಇಟ್ಟು ಮೆತ್ತಗೆ ಮಾಡಿಕೊಡುತ್ತಿದ್ದೆ. ಹಲ್ಲಿಲ್ಲದ ಮಾವ ಅದನ್ನೇ ಹೋರಿ ಎಂದುಕೊಂಡು ಚಪ್ಪರಿಸುತ್ತಿದ್ದರು.

ಅಂದು ಮಧ್ಯಾಹ್ನಕ್ಕೇ ಅವರ ಮನೆಗೆ ನೆಂಟರು ಬರುವವರಿದ್ದರು. ಬೆಳಕಿಗೆ ಹಿಡಿದ ಮೇಲೆ ಮೆತ್ತಗೆ ಮಾಡಲು ಹೊತ್ತಿರುವುದಿಲ್ಲ, ಮೊದಲೇ ಹಚ್ಚಿಕೊಡಕ್ಕಾ ಎಂದು ಖಾಜಮ್ಮ ಕೇಳಿದಳು. ಮೊದಲು ಹಚ್ಚಿದರೇನು, ಆಮೇಲೆ ಹಚ್ಚಿದರೇನು, ಬೆಳಕಿಗೆ ಬಣ್ಣ ಬದಲಾಗುತ್ತದೆಯೇ ಎಂದು ನಾನು ಕೈತುಂಬ ತುರಿ ಹಾಕಿ ತಿಕ್ಕಿದೆ. ಒಂದಿಷ್ಟು ಹೆಚ್ಚೇ ತಿಕ್ಕಿದೆ, ನೆಂಟರ ಮುಂದೆ ಅವಳಿಗೆ ತಲೆತಗ್ಗಿಸುವಂತಾಗಬಾರದು ಎಂದು. ಆಮೇಲೆ ತೊಳೆದು ಬುಟ್ಟಿಗೆ ಹಾಕಿಕೊಟ್ಟೆ.

ಬುಟ್ಟಿ ದೀಪದ ಕೆಳಗೆ ಬಂತು. ಊರೆಲ್ಲ ಕತ್ತೆತ್ತಿತು. ನಾನು ನೋಡುತ್ತಿದ್ದೆ. ಖಂಡ ಒಲೆಯ ಬೂದಿಯಂತೆ ಕಾಣುತ್ತಿತ್ತು, ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅವ್ವ ಬುಟ್ಟಿಯ ಮೇಲೆ ಬಾಗಿದಳು. ಆಗ ನಾನು ಅದುವರೆಗೆ ಗಮನಿಸದ ಒಂದನ್ನು ಕಂಡೆ. ಅವಳ ಕಣ್ಣು ಬುಟ್ಟಿಯ ಮೇಲಿರಲಿಲ್ಲ, ಎಲ್ಲೋ ಇತ್ತು. ಅವಳ ಹೆಬ್ಬೆರಳು ಮಾತ್ರ ಖಂಡವನ್ನು ಒತ್ತಿತು. ಬೆರಳು ಬೆಣ್ಣೆಗೆ ಇಳಿದಂತೆ ಒಳಗೆ ಇಳಿಯಿತು. ಅವ್ವ ತಡೆದಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು, ತಡಕಾಡಿ ಕೋಲು ಹಿಡಿದು ಜಾಗಟೆ ಬಡಿದಳು.

ಆ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು. ನಾನು ಗಂಡನ ಮುಖ ನೋಡಿದೆ. ಅವರಿಗೂ ನೋಡುವ ಹಕ್ಕಿತ್ತು, ಅವರೂ ಬೂದಿಯನ್ನೇ ಕಂಡಿದ್ದರು. ಅವರು ತಮ್ಮ ಅತ್ತೆಯ ಮುಖ ನೋಡಿದರು, ಅವಳ ಕಣ್ಣು ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ. ಖಾಜಮ್ಮನೂ ಕಂಡಿದ್ದಳು. ಆದರೆ ಅವಳು ಎತ್ತು ಎಂದರೆ ಮಾವನಿಗೆ ತಮ್ಮ ಮನೆಯ ಒಲೆಯ ಸುದ್ದಿ ಗೊತ್ತಾಗುತ್ತಿತ್ತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಕರುವಿನ ಖಂಡವನ್ನು ಅಲ್ಲೇ ಹೂಳಬೇಕೆನ್ನುವುದು ರೂಢಿ, ಹೂಳಿದರು. ಒಮ್ಮೆ ಹೇಳಿದ್ದನ್ನು ಮತ್ತೆ ಬೆಳಕಿಗೆ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಎದುರು ಬಂದವರೆಲ್ಲ ಮರವಿಲ್ಲದ ಕಡೆಯೂ ಮೇಲೆ ನೋಡುತ್ತಿದ್ದರು. ನೆಲ ಬಿರಿದು ನುಂಗಬಾರದೇ ಅನಿಸಿತು. ಕರು ಕಡಿದವನ ಹೆಂಡತಿ ಎನ್ನಿಸಿಕೊಂಡೆನಲ್ಲ ಎಂದು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಅವ್ವನ ಮನೆಗೆ ಹೋದೆ. ಕಣ್ಣು ಕಾಣುತ್ತಿಲ್ಲವೇ ಎಂದು ನೇರವಾಗಿ ಕೇಳಿದೆ. ಬೆಳಕು ಹಳೆಯದಾಗಿದೆ, ಮೊದಲಿನ ಹಾಗೆ ಕುದುರುವುದಿಲ್ಲ ಎಂದು ತಪ್ಪನ್ನು ದೀಪದ ಮೇಲೆ ಹಾಕಿದಳು. ಮೂಲೆಯಲ್ಲಿದ್ದ ಚೊಂಬನ್ನು ನಾನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ ನೀರು ಕೊಡು ಎಂದೆ. ಅವ್ವನ ಕೈ ಚೊಂಬಿದ್ದ ಜಾಗದಲ್ಲಿ ಗಾಳಿಯನ್ನು ತಡವಿತು. ಹೆತ್ತ ತಾಯಿಗೆ ಅಂಥ ಪರೀಕ್ಷೆ ಇಟ್ಟೆನಲ್ಲ ಎಂದು ಆಗಲೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಆದರೂ ಬಿಡಲಿಲ್ಲ. ಖಂಡಕ್ಕೆ ಪಪ್ಪಾಯಿ ಹಚ್ಚಿದ್ದೆ ಎಂದು ಹೇಳಿದೆ. ಅವ್ವ ತನ್ನ ಹೆಬ್ಬೆರಳನ್ನು ಸವರಿಕೊಂಡಳು.

"ಹೆಬ್ಬಟ್ಟು ಸುಳ್ಳ ಹೇಳೂದಿಲ್ಲ ಅನ್ಕೊಂಡಿದ್ದೆ," ಎಂದಳು. "ಈಗ ನಾ ಇಳದ್ರ, ಇಷ್ಟು ದಿನ ಹೇಳಿದ್ದೆಲ್ಲಾ ಸುಳ್ಳ ಅಂತಾರವಾ. ಎಷ್ಟು ಮಂದಿ ನನ್ನ ಮಾತಿನ ಮ್ಯಾಲೆ ಬೀಗರಿಗೆ ಬಡಿಸ್ಯಾರ."

ನಾನು ಏನೋ ಕೆಟ್ಟದಾಗಿ ಅನ್ನುವವಳಿದ್ದೆ. ಹಿಂದಿನಿಂದ ಗಂಡ ಬಂದು ಬಾಗಿಲಲ್ಲಿ ನಿಂತಿದ್ದರು. ಅತ್ತೆಯನ್ನು ಕಟ್ಟೆಯಿಂದ ಇಳಿಸಿ ತಾನು ಮಚ್ಚು ಹಿಡಿಯುವುದು ಬೇಡ, ಹಗ್ಗ ಹೊಸೆದಾದರೂ ಬದುಕೋಣ ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಅವರನ್ನು ಬೈದೆ. ಅವರು ಹಗ್ಗ ಹೊಸೆಯುವುದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಅವರಿಗೆ ಬರುವುದು ಒಂದೇ ಕೆಲಸ, ಖಂಡ ಕಡಿಯುವುದು. ಕೊರಡಿನ ಮುಂದೆ ನಿಂತಾಗ ಮಾತ್ರ ಅವರ ಬೆನ್ನು ನೆಟ್ಟಗಿರುತ್ತದೆ. ಮುಂದಿನ ಸಂತೆಯ ಬೆಳಿಗ್ಗೆ ಅವರು ಹಿತ್ತಲಲ್ಲಿ ಕುಳಿತು ಮಚ್ಚನ್ನು ಮಸೆಯುತ್ತಿದ್ದರು. ಕೊಟ್ಟುಬರುವ ಮಚ್ಚಿಗೆ ಯಾಕೆ ಮಸೆತ ಎಂದು ಕೇಳಿದೆ. ಮೊಂಡ ಮಚ್ಚು ಕೊಡುವುದು ಸರಿಯಲ್ಲ ಎಂದರು. ನನ್ನ ಎದೆ ಒಡೆದದ್ದು ಆ ಮಾತಿಗೆ. ಇವರನ್ನು ಉಳಿಸಲು ಏನು ಬೇಕಾದರೂ ಮಾಡುತ್ತೇನೆ ಎಂದು ಅಲ್ಲೇ ಗಟ್ಟಿಮಾಡಿಕೊಂಡೆ. ಏನು ಬೇಕಾದರೂ ಅಂದರೆ ಏನೇನು ಬರುತ್ತದೆ ಎಂದು ಯೋಚಿಸಲಿಲ್ಲ.

ಕಟ್ಟೆಯಲ್ಲಿ ಊರು ನೆರೆದಿತ್ತು. ಅವ್ವ ದೀಪದ ಪಕ್ಕ ಕಲ್ಲಿನ ಹಾಗೆ ಕುಳಿತಿದ್ದಳು. ಗಂಡ ಮಚ್ಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಮಚ್ಚು ಇಡುವ ಮೊದಲು ಹಿರಿಯರು ಒಂದು ಮಾತು ಕೇಳಬೇಕು, ಯಾರಾದರೂ ನೋಡಿದ್ದೀರಾ ಎಂದು. ಅದು ಕೇಳಲೇಬೇಕಾದ ಮಾತು, ಯಾರೂ ಉತ್ತರ ಕೊಡಬಾರದ ಮಾತು. ಮೌಲಪ್ಪನವರು ಕೇಳಿದರು. ಎಲ್ಲರೂ ಕತ್ತೆತ್ತಿದರು.

"ನಾ ನೋಡೀನ್ರಿ ದೊಡ್ಡಪ್ಪಾರ," ಎಂದೆ. "ಅದು ಬೂದಿ ಇತ್ತು. ಎತ್ತಿನ ಖಂಡ."

ಕತ್ತುಗಳೆಲ್ಲ ಒಮ್ಮೆಲೇ ಕೆಳಗಿಳಿದವು. ಗುಂಪಿನಲ್ಲಿ ಖಾಜಮ್ಮನ ಮುಖ ಸುಣ್ಣದಂತಾಯಿತು. ಮೌಲಪ್ಪನವರು ಮೊದಲು ನಕ್ಕರು. ತಮ್ಮ ಮನೆಗೆ ಎತ್ತಿನ ಖಂಡ ಯಾಕೆ ಬರುತ್ತದೆ ಎಂದರು. ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ಏನು ಬೇಕಾದರೂ ಅನ್ನುತ್ತಾಳೆ ಎಂದು ಯಾರೋ ಗೊಣಗಿದರು. ಮೌಲಪ್ಪನವರು ಅದಕ್ಕೆ ತಲೆಯಾಡಿಸಿ ನನ್ನ ಕಡೆ ತಿರುಗಿದರು.

"ನೋಡೂ ಚಟ ಇದ್ದಾಕಿ ಒಂದ ಬುಟ್ಟಿ ನೋಡಿ ಬಿಡೂದಿಲ್ಲ. ಅವತ್ತು ಉಳದವರ ಬುಟ್ಟ್ಯಾಗ ಏನಿತ್ತು ಹೇಳು. ಖರೇ ಆದ್ರ ನಿನ್ನ ಮಾತು ನಂಬತೀವಿ."

ಅವರು ನನ್ನ ಬಾಯಿ ಮುಚ್ಚಿಸಲು ಹಾಗೆ ಕೇಳಿದ್ದು. ಮಾನ ಇರುವ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ನನ್ನ ಕಣ್ಣ ಮುಂದೆ ಇದ್ದದ್ದು ಆ ಮಸೆದ ಮಚ್ಚು ಒಂದೇ. ದರ್ಜಿಯ ಮನೆಗೆ ಬಂದ ಬೀಗರು ಉಂಡದ್ದು ಹೋರಿಯಲ್ಲ, ಕೋಣ ಎಂದೆ. ದರ್ಜಿ ನೆಲ ನೋಡಿದ, ಹೌದು ಎಂದ. ಗಾಣದವರ ಬಾಣಂತಿಗೆ ಆಕಳಲ್ಲ, ಎತ್ತಿನ ಖಂಡ ಬೇಯಿಸಿದರು ಎಂದೆ. ಬಾಣಂತಿಯ ಅತ್ತೆ ಅಲ್ಲೇ ಇದ್ದಳು, ಅವಳು ಅಳತೊಡಗಿದಳು, ಅಷ್ಟೇ ಸಾಕಾಯಿತು. ಒಂದೊಂದು ಮಾತಿಗೂ ನನ್ನ ಗಂಡನ ಕೈಯಲ್ಲಿ ಮಚ್ಚು ಗಟ್ಟಿಯಾಗುತ್ತಿದೆ ಅನಿಸುತ್ತಿತ್ತು. ಜನ ನಂಬುತ್ತಿದ್ದರು. ನಿಲ್ಲಿಸಬಹುದಿತ್ತು. ಆದರೆ ಇಳಿಜಾರಿನಲ್ಲಿ ಓಡುವವರ ಕಾಲು ಅವರ ಮಾತು ಕೇಳುವುದಿಲ್ಲ.

"ಮಸ್ತಾನವ್ವನ ಬುಟ್ಟ್ಯಾಗ ಖಂಡನ ಇರೂದಿಲ್ಲ," ಎಂದೆ. "ಎಲುಬು. ಸಂತಿ ಸಂತಿಗೂ ಅದ ಒಣಾ ಎಲುಬು."

ಮಸ್ತಾನವ್ವ ಕೌದಿ ಹೊಲಿಯುವವಳು. ನನ್ನ ಮದುವೆಯ ಕೌದಿ ಅವಳ ಕೈಯದೇ. ಪ್ರತಿ ಸಂತೆಗೂ ಅವಳು ಬುಟ್ಟಿಗೆ ಬಟ್ಟೆ ಮುಚ್ಚಿ, ಸೊಂಟದ ಮೇಲಿಟ್ಟುಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದಳು. ನಾನು ಚಿಕ್ಕವಳಿದ್ದಾಗಿನಿಂದ ಕಂಡಿದ್ದೆ, ಬಟ್ಟೆ ಸರಿಸಿದರೆ ಒಳಗೆ ತೊಳೆದಿಟ್ಟ ಒಂದು ಕಾಲಿನ ಎಲುಬು. ಅವ್ವ ಅದರ ಮೇಲೆ ಬಾಗಿ, ಉಳಿದವರಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳೋ ಅಷ್ಟೇ ಹೊತ್ತು ನೋಡಿ, ಅವಳ ಕಿವಿಯಲ್ಲಿ ಹೋರಿ ಎನ್ನುತ್ತಿದ್ದಳು. ಮಸ್ತಾನವ್ವ ತಲೆಯಾಡಿಸಿ, ಬಟ್ಟೆ ಮುಚ್ಚಿಕೊಂಡು, ಎಲ್ಲರ ಮುಂದೆ ನಡೆದು ಮನೆಗೆ ಹೋಗುತ್ತಿದ್ದಳು. ಕೂಸಾಗಿದ್ದಾಗ ಒಮ್ಮೆ ಅವ್ವನನ್ನು ಯಾಕೆ ಹಾಗೆ ಹೇಳಿದೆ ಎಂದು ಕೇಳಿ ಬೆನ್ನಿಗೆ ಏಟು ತಿಂದಿದ್ದೆ. ಆ ಏಟಿನ ಅರ್ಥ ನನಗೆ ಹೊಳೆದದ್ದು ಕಟ್ಟೆಯ ಮುಂದೆ ಮಾತು ಬಾಯಿಂದ ಬಿದ್ದ ಮೇಲೆ. ಮಸ್ತಾನವ್ವ ಅಲ್ಲೇ ಇದ್ದಳು, ಬುಟ್ಟಿ ಸೊಂಟದ ಮೇಲಿತ್ತು. ಜನ ಅವಳಿಗೆ ದಾರಿ ಬಿಡುವವರಂತೆ ಅತ್ತಿತ್ತ ಸರಿದರು, ಅವಳು ನಡುವೆ ಒಬ್ಬಳೇ ಉಳಿದಳು.

ಅವ್ವ ಎದ್ದು ನಿಂತಳು.

"ಸಾಕ ಮಾಡ," ಎಂದಳು. "ನನಗ ಕಣ್ಣ ಕಾಣಸೂದಿಲ್ಲ. ಹೆಬ್ಬಟ್ಟ ಒತ್ತಿ ಹೇಳಾಕತ್ತಿದ್ದೆ. ನನ್ನ ಅಳಿಯ ದಸ್ತಗೀರಂದು ಏನೂ ತಪ್ಪಿಲ್ಲ. ಅಕಿ ಇನ್ನೊಂದ ಬುಟ್ಟಿ ಬಿಚ್ಚೂದು ಬ್ಯಾಡ."

ಅವಳು ಕಟ್ಟೆಯ ಮೆಟ್ಟಿಲನ್ನು ಕಾಲಿನಲ್ಲಿ ತಡಕಿದಳು. ನನ್ನ ಗಂಡ ಮಚ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಹೋಗಿ ಅವಳ ಕೈ ಹಿಡಿದರು. ನಾನು ಹೋಗಲಿಲ್ಲ. ತನ್ನ ಹೆಸರು ಹೋಗುತ್ತದೆ ಎಂದಾಗ ಸುಮ್ಮನಿದ್ದವಳು, ಅಳಿಯನ ಅನ್ನ ಹೋಗುತ್ತದೆ ಎಂದಾಗಲೂ ಬಾಯಿ ಬಿಡದವಳು, ಮಸ್ತಾನವ್ವನ ಎಲುಬಿಗಾಗಿ ಕಟ್ಟೆ ಇಳಿದಿದ್ದಳು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು, ಅದಕ್ಕೂ ಈಗ ನಾಚಿಕೆಯೇ.

ಮೌಲಪ್ಪನವರು ಮಚ್ಚು ಇಡುವುದು ಬೇಕಿಲ್ಲ ಎಂದರು. ಆಮೇಲೆ ಎದ್ದು, ಗುಂಪಿನ ನಡುವೆ ಸೊಸೆಯ ಹತ್ತಿರ ಹೋದರು. ಬೈಯುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅವರು ಖಾಜಮ್ಮನ ತಲೆಯ ಮೇಲೆ ಕೈಯಿಟ್ಟು, "ಮೆತ್ತಗಿತ್ತವಾ," ಎಂದರು, ಅಷ್ಟೇ. ಇಬ್ಬರೂ ಮನೆಯ ಕಡೆ ನಡೆದರು. ನನ್ನ ಗಂಡ ಆ ದಿನವೇ ಅಂಗಡಿ ತೆರೆದರು, ಆದರೆ ಕಡಿದಿಟ್ಟ ಖಂಡ ಸಂಜೆಯವರೆಗೂ ಹಾಗೇ ಇತ್ತು.

ಅವ್ವನನ್ನು ನಮ್ಮ ಮನೆಗೇ ಕರೆತಂದೆವು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ, ಮಾತಿಗೆ ನಾನೇನು ಹಿಂದೆ ಬೀಳುವವಳಲ್ಲ. ನೆರೆಯವರು ಬುಟ್ಟಿಗೆ ಒಂದರ ಮೇಲೊಂದು ಬಟ್ಟೆ ಮುಚ್ಚತೊಡಗಿದರು. ನಾನು ಬಾವಿಗೆ ಹೋದರೆ ಹೆಂಗಸರು ತಂಬಿಗೆಯ ಬಾಯಿಗೂ ಕೈ ಅಡ್ಡ ಹಿಡಿಯುತ್ತಿದ್ದರು. ಬಾಣಂತಿಯ ಅತ್ತೆ ನಮ್ಮ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದಳು. ಗಂಡ ಒಳ್ಳೆಯ ಹೋರಿಯ ಖಂಡ ತೆಗೆದು, ಎಲೆಯಲ್ಲಿ ಸುತ್ತಿ ಮಸ್ತಾನವ್ವನ ಮನೆಗೆ ಒಯ್ದುಕೊಟ್ಟರು. ಅವಳು ಬಿಚ್ಚದೆ, ಬೇಜಾರೂ ಮಾಡಿಕೊಳ್ಳದೆ, ಕೂರಿಸಿ ನೀರು ಕೊಟ್ಟು, ಹಾಗೆಯೇ ವಾಪಸು ಕಳಿಸಿದಳು.

ದೀಪಕ್ಕೆ ಯಾರನ್ನು ಕೂರಿಸುವುದು ಎಂದು ಹಿರಿಯರು ಕೂಡಿದರು. ನೋಡುವ ಚಟ ಇದ್ದವಳಿಗೆ ನೋಡುವ ಕೆಲಸವನ್ನೇ ಕೊಡಿ, ಉಳಿದವರು ಉಳಿದಾರು ಎಂದರಂತೆ ಮೌಲಪ್ಪನವರು. ಅದು ಶಿಕ್ಷೆಯೋ ಮರ್ಯಾದೆಯೋ ನನಗೆ ಈವತ್ತಿಗೂ ಬಗೆಹರಿದಿಲ್ಲ. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಹೊರಡುವಾಗ ಅವ್ವನ ಕಾಲು ಮುಟ್ಟಿದೆ. ಮಸ್ತಾನವ್ವ ಬಂದರೆ ಏನು ಹೇಳುತ್ತೀ ಎಂದು ಅವಳು ಕೇಳಿದಳು. ನೀನು ಹೇಳುತ್ತಿದ್ದುದನ್ನೇ ಎಂದೆ.

ಕಟ್ಟೆಯ ಮೇಲೆ ಕುಳಿತ ಮೊದಲ ಸಂತೆಗೆ ಬುಟ್ಟಿಗಳು ಬಂದವು. ಮೌಲಪ್ಪನವರ ಮನೆಯ ಬುಟ್ಟಿಯೂ ಬಂತು, ನಾನು ಖಾಜಮ್ಮನ ಕಿವಿಯಲ್ಲಿ ಎತ್ತು ಎಂದೆ. ಅವಳು ನನ್ನ ಮುಖ ನೋಡದೆ ಹೋದಳು. ಎಲ್ಲರ ಬುಟ್ಟಿಯೂ ಆದ ಮೇಲೆ, ಸಂತೆ ಚದುರುವ ಮೊದಲು, ಮಸ್ತಾನವ್ವ ಬಂದಳು. ಬುಟ್ಟಿಯನ್ನು ದೀಪದ ಕೆಳಗಿಟ್ಟು ತಾನೇ ಬಟ್ಟೆ ಸರಿಸಿದಳು. ಎಲುಬು ಬೆಳಕಿಗೆ ಯಾವ ಬಣ್ಣಕ್ಕೂ ತಿರುಗುವುದಿಲ್ಲ, ಇದ್ದ ಹಾಗೇ ಇರುತ್ತದೆ. ಅವ್ವ ನೋಡುತ್ತಿದ್ದಷ್ಟು ಹೊತ್ತು ನೋಡಿದೆ. ಆಮೇಲೆ ಅವಳ ಕಿವಿಗೆ ಬಾಗಿ ಹೋರಿ ಎಂದೆ.

ಅವಳು ತಲೆಯಾಡಿಸಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು, ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ.

"ಕಿವ್ಯಾಗ ಯಾಕ ಯವ್ವಾ," ಎಂದಳು. "ಅವತ್ತ ಎಲ್ಲಾರ ಮುಂದ ಹೇಳಿದ್ಯಲ್ಲ. ಹಂಗ ಹೇಳು."

ಹೋರಿ ಎಂದು ಜೋರಾಗಿ ಹೇಳಿದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು.

"ಅವತ್ತ ಅಂದದ್ದು ಅದಲ್ಲ."

ಎದುರಿನ ಅಂಗಡಿಯಲ್ಲಿ ನನ್ನ ಗಂಡ ಮಚ್ಚು ಕೆಳಗಿಟ್ಟು ನಿಂತದ್ದು ಕಾಣಿಸಿತು. ಸಂತೆಯವರು ಕತ್ತೆತ್ತಿ ಮರ ನೋಡುತ್ತಲೇ ಕಿವಿಗೊಟ್ಟಿದ್ದರು. ಅವಳ ಕಾಲಿಗೆ ಬೀಳೋಣ ಅನಿಸಿತು. ಆದರೆ ಅವಳು ಕೇಳುತ್ತಿದ್ದುದು ಅದನ್ನಲ್ಲ. ದೀಪದವ್ವನ ಬಾಯಿಂದ ತನ್ನ ಬುಟ್ಟಿಯಲ್ಲಿ ಏನಿದೆ ಎಂಬುದನ್ನು ಕೇಳಿಸಿಕೊಂಡು ಹೋಗಲು ಬಂದಿದ್ದಳು.

"ಎಲುಬು," ಎಂದೆ.

ಮಸ್ತಾನವ್ವ ತಲೆಯಾಡಿಸಿದಳು. ಬುಟ್ಟಿಗೆ ಬಟ್ಟೆ ಮುಚ್ಚಿ, ಅಂಚುಗಳನ್ನು ಒಳಗೆ ಸಿಕ್ಕಿಸಿ, ಸೊಂಟದ ಮೇಲಿಟ್ಟುಕೊಂಡು ಹೋದಳು. ಮುಂದಿನ ಸಂತೆಗೂ ಬಂದಳು. ಈಗಲೂ ಬರುತ್ತಾಳೆ, ಎಲ್ಲರೂ ಆದ ಮೇಲೆ. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.